ಎರಡನೆಯ ಹುಚ್ಚ

ಹಳೇ ರೂಪಾಯಿಗೆ ಈಗ ಏನು ಬೆಲೆ ಎಂದು ನಮ್ಮ ಭಾವನವರನ್ನು ಕೇಳಬಾರದು. ಕೇಳಿದರೆ "ಯಾವ ರೂಪಾಯಿ?" ಅನ್ನುತ್ತಾರೆ. ಆಮೇಲೆ "ಎಷ್ಟು ಹಣ್ಣಿಂದು?" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅಕ್ಕ ಎದ್ದು ಅಡುಗೆಮನೆ ಸೇರಿರುತ್ತಾಳೆ.

ಹಣ್ಣಿನ ಸಮಾಚಾರ ಹೀಗಿದೆ. ಈಸ್ಟ್ ಇಂಡಿಯಾ ಕಂಪನಿಯವರು 1840ರ ಇಸವಿ ಹಾಕಿ ಬೆಳ್ಳಿ ರೂಪಾಯಿ ಹೊರಡಿಸಿದರು. ಒಂದು ಕಡೆ ಎಳೇ ವಯಸ್ಸಿನ ವಿಕ್ಟೋರಿಯಾ, ಇನ್ನೊಂದು ಕಡೆ ಎಲೆಗಳ ಹಾರ. ಇಸವಿ ಬದಲಿಸುವ ಗೋಜಿಗೇ ಹೋಗದೆ, 1862ರ ಹೊಸ ರೂಪಾಯಿ ಬರುವ ತನಕ ಅದೇ 1840ನ್ನೇ ಒತ್ತಿದರು. ಅಚ್ಚು ಸವೆದಾಗ ಹೊಸ ಅಚ್ಚು ಮಾಡುತ್ತಿದ್ದರಲ್ಲ, ಎಲೆಗಳ ಸಂದಿಯಲ್ಲಿರುವ ಸಾಸಿವೆ ಗಾತ್ರದ ಹಣ್ಣುಗಳ ಲೆಕ್ಕ ಆಗ ತಪ್ಪಿತು. ಕೆಲವು ರೂಪಾಯಿಯಲ್ಲಿ 19 ಹಣ್ಣು, ಕೆಲವದರಲ್ಲಿ 28, ಇನ್ನು ಕೆಲವದರಲ್ಲಿ 34, 35. ಕಂಪನಿಯವರು ಅದನ್ನು ಎಣಿಸಲಿಲ್ಲ. ಆ ಕೆಲಸವನ್ನು ನಮ್ಮ ಭಾವನಿಗೆ ಬಿಟ್ಟು ಹೋದರು.

ಟಿಪ್ಪುವಿನ ತಾಮ್ರದ ಕಾಸು ಕೂಡಿಸುವವರ ಪಾಡು ಬೇರೆ. ಆನೆ ಎಡಕ್ಕೆ ಹೊರಟಿದೆಯೋ ಬಲಕ್ಕೋ, ಶ್ರೀರಂಗಪಟ್ಟಣದ ಟಂಕಸಾಲೆಯದೋ ನಗರದ್ದೋ ಎಂದು ನೋಡುತ್ತ ಅವರಿಗೆ ಕತ್ತು ಉಳುಕುತ್ತದೆ. ಭಾವನಿಗೆ ಕಣ್ಣು ಮಾತ್ರ.

ಈಗ ಬೆಲೆ. ಎಷ್ಟು ಕಮ್ಮಿಯೆಂದರೂ ಬೆಳ್ಳಿಯ ಬೆಲೆ ಇದ್ದೇ ಇದೆ. ಆ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅದರ ಮೇಲಿನದೆಲ್ಲ ವಾದ. ಹಿಂದೊಮ್ಮೆ ಯಾರದೋ ಕಾಸಿನ ಸರದಲ್ಲಿದ್ದು ಕೊಂಡಿಯ ಬೆಸುಗೆ ಉಳಿದಿದ್ದರೆ ಬೆಲೆ ಇಳಿಯಿತು. ಚಿನಿವಾರ ಬೆಳ್ಳಿ ಸಾಚಾ ಹೌದೋ ಅಲ್ಲವೋ ಎಂದು ಉಳಿಯಿಂದ ಗೀರಿದ್ದರೆ ಇನ್ನಷ್ಟು ಇಳಿಯಿತು. ಎಲ್ಲಕ್ಕಿಂತ ದೊಡ್ಡ ಶತ್ರು ಹುಣಸೆಹಣ್ಣು. ಲಕ್ಷ್ಮೀಪೂಜೆಯ ಹಿಂದಿನ ದಿನ ಬೆಳ್ಳಿ ಸಾಮಾನಿನ ಜೊತೆ ರಾಣಿಯನ್ನೂ ಉಜ್ಜಿ ಫಳಫಳ ಮಾಡುವ ಮನೆಗಳಿವೆ. ನೂರೈವತ್ತು ವರ್ಷದ ಕಪ್ಪು ಹೋದರೆ ಅದರ ಜೊತೆ ಮುಕ್ಕಾಲು ಬೆಲೆಯೂ ಹೋಯಿತು. ಅಕ್ಕ ಭಾವನ ಬೀರು ತೆಗೆದರೆ ಸಾಕು, ಅವರು ಊಟ ಬಿಟ್ಟು ಎದ್ದು ಬರುತ್ತಾರೆ.

ನಾಣ್ಯದ ಸ್ಥಿತಿಗೆ ಅಂಕ ಕೊಡುವ ಪದ್ಧತಿಯೂ ಇದೆ, ಒಂದರಿಂದ ಎಪ್ಪತ್ತರ ತನಕ. ನೂರಕ್ಕೆ ಯಾಕಿಲ್ಲ ಅಂತ ನನಗೆ ಬಹಳ ದಿನ ಅನುಮಾನವಿತ್ತು. ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1949ರಲ್ಲಿ ಅಲ್ಲಿಯ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಪುಸ್ತಕ ಬರೆದ. ತೀರ ಸವೆದ ಸೆಂಟಿಗೆ ಒಂದು ಬೆಲೆಯಾದರೆ ಅತ್ಯುತ್ತಮ ಸ್ಥಿತಿಯದಕ್ಕೆ ಅದರ ಎಪ್ಪತ್ತರಷ್ಟು ಎಂಬುದು ಅವನ ಲೆಕ್ಕ. ಅಂಕದಿಂದ ಮೂಲಬೆಲೆಯನ್ನು ಗುಣಿಸಿದರೆ ಮುಗಿಯಿತು, ಚೌಕಾಸಿಯೇ ಬೇಡ! ಮಾರುಕಟ್ಟೆ ಆ ಗುಣಾಕಾರವನ್ನು ಬೇಗನೆ ತಳ್ಳಿಹಾಕಿತು, ಅಂಕವನ್ನು ಮಾತ್ರ ಇಟ್ಟುಕೊಂಡಿತು. ಈ ಮಹಾನುಭಾವ ನ್ಯೂಯಾರ್ಕಿನ ನಾಣ್ಯಸಂಘದ ಸಂಗ್ರಹದಲ್ಲಿ ತನ್ನ ಸಾಧಾರಣ ಸೆಂಟುಗಳನ್ನಿಟ್ಟು ಅಲ್ಲಿಯ ಒಳ್ಳೆಯವನ್ನು ಎತ್ತಿಕೊಂಡಿದ್ದ ಎಂಬುದು ಅವನು ಸತ್ತ ಮೇಲೆ ಹೊರಬಿತ್ತು. ನ್ಯಾಯವಾದ ಬೆಲೆಗೆ ಸೂತ್ರ ಬರೆದವನು ತಾನು ಕೊಂಡದ್ದು ಹೀಗೆ.

ಅಪರೂಪವಾದರೆ ಬೆಲೆ ಹೆಚ್ಚು ಎಂಬುದನ್ನು ಎಲ್ಲರೂ ನಂಬಿದ್ದಾರೆ. 1939ರ ರೂಪಾಯಿ ನೋಡಿದರೆ ನಿಜ ಅನ್ನಿಸುತ್ತದೆ. ಮರುವರ್ಷದಿಂದ ಬೆಳ್ಳಿ ಅರ್ಧಕ್ಕಿಳಿಯಿತು, ಆ ವರ್ಷದ್ದು ಸಿಕ್ಕುವುದೇ ಕಷ್ಟ, ಮಾತು ಲಕ್ಷದಲ್ಲಿ. ಆದರೆ 1911ರ 'ಹಂದಿ ರೂಪಾಯಿ' ನೋಡಿ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ ಜನಕ್ಕೆ ಹಂದಿಯಂತೆ ಕಂಡಿತು, ಗಲಾಟೆಯಾಯಿತು, ಮುಂದಿನ ವರ್ಷ ಆನೆಯನ್ನು ತಿದ್ದಿದರು. ಅದು ಅಷ್ಟೇನೂ ಸಿಕ್ಕದ ನಾಣ್ಯವಲ್ಲ. ಆದರೂ ಬೆಲೆ ಇದೆ, ಯಾಕೆಂದರೆ ಕಥೆ ಇದೆ. ಇತ್ತ ಯಾವುದೋ ಹಣ್ಣಿನ ಎಣಿಕೆಯದು ಬೆರಳೆಣಿಕೆಯಷ್ಟೇ ಸಿಕ್ಕಿದರೂ, ಕ್ಯಾಟಲಾಗಿನಲ್ಲಿ ಒಂದು ಸಾಲು ಬೀಳುವ ತನಕ ಬೆಳ್ಳಿಯ ಬೆಲೆಗೇ ಬಿದ್ದಿರುತ್ತದೆ. ಕ್ಯಾಟಲಾಗು ಮಾಡಿದ ಪ್ರಿಡ್ಮೋರ್ ಬರೆದರೆ ಒಂದು ಬೆಲೆ, ಸ್ಟೀವನ್ಸ್ ಮತ್ತು ವಿಯರ್ ಬರೆದರೆ ಇನ್ನೊಂದು.

ಹಾಗಿದ್ದ ಮೇಲೆ ಸರಿಯಾದ ಬೆಲೆ ಗೊತ್ತಾಗುವುದು ಹೇಗೆ ಎಂದರೆ ಹಳೇ ಹರಾಜಿನ ಪಟ್ಟಿ ನೋಡಿ ಅನ್ನುತ್ತಾರೆ. ಭಾವ ನೋಡುತ್ತಾರೆ, ಆದರೆ ಗೆದ್ದವನನ್ನಲ್ಲ. ಗೆದ್ದವನು ಇನ್ನೂ ಎಷ್ಟು ಕೊಡಲು ತಯಾರಿದ್ದನೋ ದೇವರೇ ಬಲ್ಲ. ಅವನು ನಿಂತದ್ದು ಸೋತವನು ನಿಂತ ಕಡೆ. ಬೆಲೆ ಕಟ್ಟಿದವನು ಸೋತವನೇ. ಅವನಿಗೂ ಒಂದು ಸಿಕ್ಕಿಬಿಟ್ಟರೆ ಮುಂದಿನ ಹರಾಜಿನಲ್ಲಿ ಅದೇ ನಾಣ್ಯ ಅರ್ಧಕ್ಕೆ ಕೇಳುವವರಿಲ್ಲ. "ಒಬ್ಬ ಹುಚ್ಚ ಇದ್ರೆ ಪ್ರಯೋಜನವಿಲ್ಲ ಕಣೋ, ಇಬ್ಬರು ಬೇಕು" ಎಂಬುದು ಅವರ ಅರ್ಥಶಾಸ್ತ್ರ.

ಈ ಅರ್ಥಶಾಸ್ತ್ರ ತಿಳಿಯದವರು ನಮ್ಮ ಬೀದಿಯಲ್ಲೇ ಇದ್ದಾರೆ. 2012ರ ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂದು ಡಬ್ಬಿ ತುಂಬ ಕೂಡಿಟ್ಟು ಭಾವನ ಹತ್ತಿರ ಬರುತ್ತಾರೆ. ತನ್ನ ಹೆಸರಿನಲ್ಲಿ ಹಳೇ ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿತು. ಭಾವ ಅವರಿಗೆ ಕಾಫಿ ಕೊಡಿಸಿ, "ಐದು ರೂಪಾಯಿಗೆ ಐದು ರೂಪಾಯಿ ಗ್ಯಾರಂಟಿ" ಎಂದು ಕಳಿಸುತ್ತಾರೆ.

ಭಾವನ ಎರಡನೆಯ ಹುಚ್ಚ ಮೈಸೂರಿನಲ್ಲಿದ್ದಾರೆ. ನಿವೃತ್ತ ಮೇಷ್ಟ್ರು, ಭಾವನಿಗಿಂತ ಹಿರಿಯರು. ಹಣ್ಣಿನ ರೂಪಾಯಿಗಾಗಿ ಪ್ರದರ್ಶನಗಳಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡು ಕಿತ್ತಾಡಿದವರೇ. ಅವರ ಆರೋಗ್ಯ ಕೆಟ್ಟರೆ ಮಾತ್ರ ಭಾವನಿಗೆ ನಿದ್ದೆ ಬರುವುದಿಲ್ಲ. ಆ ಮನುಷ್ಯ ಹೋದರೆ ತಮ್ಮ ಆಲ್ಬಮ್ಮಿನ ಬೆಲೆ ತೊಲದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಬಿ.ಪಿ. ಮಾತ್ರೆ ತಗೊಂಡರೋ ಇಲ್ಲವೋ ಎಂದು ಇವರೇ ಫೋನ್ ಮಾಡಿ ವಿಚಾರಿಸುತ್ತಾರೆ.

ಮೊನ್ನೆ ಮೇಷ್ಟ್ರಿಗೆ ಜ್ವರ ಎಂದು ಗೊತ್ತಾಗಿ ಭಾವ ಮೂಸಂಬಿ ಹಿಡಿದು ಬೆಳಗಿನ ರೈಲಿಗೇ ಹೊರಟರು. ಜೊತೆಗೆ ನಾನು. ಮೇಷ್ಟ್ರು ಕಂಬಳಿ ಹೊದ್ದು ಮಲಗಿದ್ದರು. ಭಾವ ಹಣೆ ಮುಟ್ಟಿ ನೋಡಿ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಜೇಬಿನಿಂದ ತಮ್ಮ ಹೊಸ ರೂಪಾಯಿ ತೆಗೆದು ಅಂಗೈಗೆ ಇಟ್ಟರು. "34 ಹಣ್ಣು, ನೋಡಿ ಸಾರ್."

ಮೇಷ್ಟ್ರು ದಿಂಬಿನ ಕೆಳಗೆ ಕೈ ಹಾಕಿ ಭೂತಗನ್ನಡಿ ತೆಗೆದರು.

"35," ಅಂದರು. "ಎಡಗಡೆ ಎಲೆ ಪಕ್ಕ ಒಂದು ಬಿಟ್ಟಿದ್ದೀರಿ. ಎಷ್ಟಕ್ಕೆ ಕೊಡ್ತೀರಿ?"