ಕದ್ದ ಮಾಲು, ಕಂಪನಿ ಮೊಹರು

ನಾವು ಎಂಥವರು ಅಂತ ತಿಳಿಯಬೇಕೆ? ನಮ್ಮನ್ನು ಕೇಳಬೇಡಿ. ಅಬ್ಬೆ ದುಬಾಯ್‌ನನ್ನು ಕೇಳಿ. ಇನ್ನೂರು ವರ್ಷದಿಂದ ಅದೇ ನಡೆದಿದೆ. ನಮ್ಮ ಪಂಡಿತರೂ ಅದನ್ನೇ ಮಾಡಿದ್ದಾರೆ.

ಫ್ರಾನ್ಸಿನ ಪಾದ್ರಿ. 1792ರಲ್ಲಿ ಇತ್ತ ಹಡಗು ಹತ್ತಿದ. ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ. ನಮ್ಮಂತೆ ಉಟ್ಟ, ನಮ್ಮಂತೆ ಉಂಡ. ಆಮೇಲೆ ಪುಸ್ತಕ ಬಂತು: ಈ ಜನ ಸುಳ್ಳರು, ಮೂಢರು, ನೀತಿಗೆಟ್ಟವರು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಎಣಿಸಿದ್ದಕ್ಕೆ ಕೂಲಿಯೂ ಸಿಕ್ಕಿತು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಶಿಫಾರಸು ಮಾಡಿದ. ಮದರಾಸಿನ ಗವರ್ನರ್ ಬೆಂಟಿಂಕ್ ತಲೆಯಾಡಿಸಿದ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಸ್ತಪ್ರತಿಯನ್ನು 2,000 ವರಹಕ್ಕೆ ಕೊಂಡಿತು. ಧರ್ಮದ ಮೇಲಿನ ಪ್ರೀತಿಯಿಂದಲ್ಲ. ಆಳುವವರಿಗೆ ಆಳಿಸಿಕೊಳ್ಳುವವರ ಕೈಪಿಡಿ ಬೇಕಿತ್ತು.

ಈಗ ಜಾತಿಯ ಅಧ್ಯಾಯಕ್ಕೆ ಬನ್ನಿ. ಹಿಂದೂಗಳದ್ದು ಅಂತ ಕಂಡದ್ದನ್ನೆಲ್ಲ ಹಳಿದ ಪುಸ್ತಕ ಇಲ್ಲಿ ಮಾತ್ರ ಕೈಮುಗಿಯುತ್ತದೆ. ಜಾತಿ ವ್ಯವಸ್ಥೆಯೇ ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆಯಂತೆ. ಅದಿಲ್ಲದಿದ್ದರೆ ಈ ಜನ ಕೆಟ್ಟೇ ಹೋಗುತ್ತಿದ್ದರಂತೆ. ಪುರಾವೆ? ಜಾತಿಯ ಹೊರಗಿಟ್ಟ ಪರಯರನ್ನು ನೋಡಿ ಅನ್ನುತ್ತದೆ. ಅವರನ್ನು ಅವರ ಪಾಡಿಗೆ ಬಿಟ್ಟರೆ ಆಫ್ರಿಕದ ನರಭಕ್ಷಕರಿಗಿಂತ ಕಡೆಯಾದಾರಂತೆ. ದೇವರ ಮುಂದೆ ಎಲ್ಲರೂ ಸಮಾನರೆಂದು ಸಾರಲು ಬಂದವನ ಪುಸ್ತಕ, ಸ್ವಾಮಿ! ಒಂದೇ ವಾಕ್ಯದಲ್ಲಿ ಎರಡು ಖಂಡಗಳಿಗೆ ಮಸಿ ಬಳಿದ.

ಅವನ ಪ್ರಾರ್ಥನೆಗೆ ಬಂದವರು ಯಾರು? ಅವನೇ ಒಪ್ಪಿಕೊಂಡಿದ್ದಾನೆ. 1823ರಲ್ಲಿ ಅಚ್ಚಾದ ಪತ್ರಗಳಲ್ಲಿದೆ. ಇಷ್ಟು ವರ್ಷ ದುಡಿದು ಮತಾಂತರ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು. ಮೂರರಲ್ಲಿ ಎರಡು ಪಾಲು ಪರಯರು, ಭಿಕ್ಷುಕರು. ತನ್ನನ್ನು ನಂಬಿ ಬಂದವರ ಬಗ್ಗೆ ಪಾದ್ರಿಯ ಅಭಿಪ್ರಾಯ ಅದು. ಈ ದೇಶದವರು ಕ್ರೈಸ್ತರಾಗುವುದು ಸಾಧ್ಯವೇ ಇಲ್ಲವೆಂದು ತೀರ್ಪು ಬರೆದು, ಕಂಪನಿಯ ಪಿಂಚಣಿ ಹಿಡಿದು ಊರಿಗೆ ಹೊರಟ.

ಇನ್ನೂ ಇದೆ. ಪುಸ್ತಕದ ದೊಡ್ಡ ಪಾಲು ಅವನದ್ದೇ ಅಲ್ಲ. ಪುದುಚೇರಿಯ ಜೆಸ್ಯೂಟ್ ಪಾದ್ರಿ ಕೆರ್ದೂ ಬರೆದಿಟ್ಟದ್ದು. ಕೆರ್ದೂ ಸತ್ತದ್ದು 1779ರಲ್ಲಿ, ದುಬಾಯ್ ಬರುವ ಮೊದಲೇ. ಸತ್ತವರು ಫಿರ್ಯಾದು ಕೊಡುವುದಿಲ್ಲ. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಬೇರೊಂದು ಹಸ್ತಪ್ರತಿ ಮುಂದಿಟ್ಟು ಈ ಕಳವು ಹಿಡಿದರು. ಹಿಂದೂಗಳಿಗೆ ಸತ್ಯನಿಷ್ಠೆಯಿಲ್ಲ ಅಂತ ಹೇಳುವ ಪುಸ್ತಕದಲ್ಲಿ ಬರೆದವನ ಹೆಸರೇ ಸುಳ್ಳು!

ಅಂದರೆ ಮೈಸೂರು ಸೀಮೆಯವರ ನಡತೆಗೆ ಪ್ರಮಾಣಪತ್ರವಾದದ್ದು ತೆಲುಗು, ತಮಿಳು ನಾಡುಗಳಲ್ಲಿದ್ದ ಇನ್ನೊಬ್ಬನ ಟಿಪ್ಪಣಿ. ಕಂಪನಿಗೆ ಅದೆಲ್ಲ ಯಾಕೆ? ಕರಿಯರೆಲ್ಲ ಒಂದೇ.

ಬಿಳಿಯರನ್ನು ಬೈದು ಕೈತೊಳೆದುಕೊಳ್ಳೋಣವೆಂದರೆ ನಮ್ಮವರು ಬಿಡಬೇಕಲ್ಲ. ಜಾತಿಯನ್ನು ಹೊತ್ತು ಮೆರೆಸುವವರಿಗೆ ಪರದೇಶಿ ಸಾಕ್ಷಿ ಬೇಕು. ಆ ಒಂದು ಅಧ್ಯಾಯ ಓದಿ ಹಿಗ್ಗುತ್ತಾರೆ. ತಮ್ಮನ್ನೇ ಸುಳ್ಳರೆಂದ ಪುಟ ಬಂದಾಗ ಮಿಷನರಿ ಸಂಚು ಅನ್ನುತ್ತಾರೆ.

1897ರ ಆಕ್ಸ್‌ಫರ್ಡ್ ಆವೃತ್ತಿ ಇಂದಿಗೂ ಮರುಮುದ್ರಣವಾಗುತ್ತಿದೆ, ನಮ್ಮ ದೇಶದಲ್ಲೇ. ರಕ್ಷಾಪುಟದ ಮೇಲೆ ದುಬಾಯ್ ಹೆಸರಿದೆ. ಕೆರ್ದೂ ಹೆಸರಿಲ್ಲ.