ಸೈರನ್ನಿಗೂ ಗಂಟಲು ಕಟ್ಟುತ್ತದೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲದಲ್ಲಿ ಆಂಬುಲೆನ್ಸಿನ ಸೈರನ್ನಿಗೂ ಗಂಟಲು ಕಟ್ಟುತ್ತದೆ. ಆಗ ಮೊದಲು ಫ್ಯೂಸ್ ನೋಡಬೇಕು; ಆಮೇಲೆ ಅರ್ಥ್ ವೈರಿನ ತುಕ್ಕು; ಕೊನೆಗೆ ಸ್ಪೀಕರಿಗೆ ಇಳಿದ ನೀರು. ಆದರೆ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ್ದೇ ತಡ, ನೋಡುತ್ತ ನಿಂತವರೆಲ್ಲ ಪಂಡಿತರು.

"ಬ್ಯಾಟರಿ ಡೌನ್ ಆಗಿಕ್ಕು," ಎಂದರು ಭಟ್ಟರು, ಬಾಯಲ್ಲಿ ಕವಳ ಇಟ್ಟುಕೊಂಡೇ.

"ಹಂಗಾದ್ರೆ ಗಾಡಿ ಸ್ಟಾರ್ಟೇ ಆಗ್ತಿರ್ಲಿಲ್ಲ ಭಟ್ರೇ!"

ಮೆಕ್ಯಾನಿಕ್ ಅರ್ಥ್ ವೈರಿನ ತುದಿ ಉಜ್ಜಿ ಬಿಗಿದ. ಸೈರನ್ ಕೂಗಿತು. ಖಾಲಿ ರಸ್ತೆಗೆ ಉದ್ದಕ್ಕೆ ಏರಿಳಿಯುವ ವೇಲ್, ಪೇಟೆಯ ಸರ್ಕಲ್ಲಿಗೆ ಚುರುಕಿನ ಯೆಲ್ಪ್, ಎರಡನ್ನೂ ಪರೀಕ್ಷಿಸಿದ್ದಾಯಿತು.

ದಾರಿ ಬಿಡದಿದ್ದರೆ 10,000 ರೂಪಾಯಿ ದಂಡವೆನ್ನುತ್ತದೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ. ಗೇಟಿನೆದುರು ಮಲಗಿದ್ದ ಆಕಳು ಅದನ್ನು ಓದಿರಲಿಲ್ಲ. ವೇಲಿಗೂ ಮಿಸುಕಲಿಲ್ಲ, ಯೆಲ್ಪಿಗೂ ಮಿಸುಕಲಿಲ್ಲ.

ಭಟ್ಟರು ಕವಳ ಉಗಿದು ಒಮ್ಮೆ "ಹೈ!" ಎಂದರು. ಎದ್ದು ಹೋಯಿತು.