ಮರಿಮೀನಿನ ಗುಮಾಸ್ತ

ನೀರಿಗಿಳಿಯುವ ಉದ್ಯೋಗಗಳಲ್ಲಿ ಮರ್ಯಾದೆ ಇರುವುದು ಎರಡಕ್ಕೆ: ಒಂದು ಮೀನು ಹಿಡಿದು ತರುವುದು, ಇನ್ನೊಂದು ಮುಳುಗಿದವರನ್ನು ಎತ್ತುವುದು. ನನ್ನದು ಎರಡೂ ಅಲ್ಲ. ಕಾಳಿ ನದಿಯಲ್ಲಿ, ಕದ್ರಾ ಅಣೆಕಟ್ಟಿನ ಕೆಳಗೆ, ಬೆರಳುದ್ದದ ಮೀನುಮರಿಗಳನ್ನು ಹಿಡಿದು, ಅಳೆದು, ತೂಗಿ, ಬರೆದುಕೊಂಡು ವಾಪಸ್ ಬಿಡುವುದು ನನ್ನ ಕೆಲಸ. ಹಿಡಿಯುವವರೆಗೆ ಕಾರವಾರದ ಕಡೆಯವರಿಗೆ ಎಲ್ಲ ಅರ್ಥವಾಗುತ್ತದೆ. ಬಿಡುತ್ತೇನೆ ಎಂದ ಕೂಡಲೇ ‘ಯಾರ ಪೈಕಿ?’ ಎಂದು ವಿಚಾರಣೆ ಶುರು.

ಮಲ್ಲಾಪುರದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಬಕೆಟ್ಟಿನೊಳಗೆ ಇಣುಕಿ, “ಇಷ್ಟಕ್ಕೆ ಹುಮಣ ಹೇಗಾಗ್ತದೋ ತಮ್ಮಾ? ಮೀನಿಗಿಂತ ಕಾಯಿ ಖರ್ಚೇ ಜಾಸ್ತಿ” ಎಂದರು. ತಿನ್ನಲಿಕ್ಕಲ್ಲ, ಅಳೆಯಲಿಕ್ಕೆ, ಅದಕ್ಕೆ ಸಂಬಳವೂ ಉಂಟು ಎಂದೆ. ಅಜ್ಜಿ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿ ಯೋಚಿಸಿದರು. “ಹಾಗಾದ್ರೆ ದೊಡ್ಡ ಮೀನು ಅಳೆಯುವವರಿಗೆ ಎಷ್ಟು ಕೊಡ್ತಾರೆ?”

ಈ ಮರಿಗಳಿಗೂ ನನಗೂ ಯಜಮಾನರು ಇಬ್ಬರು. ಒಬ್ಬ ಅರಬ್ಬೀ ಸಮುದ್ರ. ಕೋಡಿಬಾಗದ ಅಳಿವೆಯಿಂದ ಭರತದ ಉಪ್ಪುನೀರು ನದಿಯೊಳಗೆ ಏರಿ ಬರುತ್ತದೆ. ಜೊತೆಗೆ ಶೇವಟೆ, ಸೀಬಾಸ್ ಮರಿಗಳೂ ಬರುತ್ತವೆ. ಈ ಯಜಮಾನ ಶಿಸ್ತಿನವನು. ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡರೆ ಯಾವಾಗ ಬರುತ್ತಾನೆ, ಯಾವಾಗ ಹೋಗುತ್ತಾನೆ ಎಂದು ಮನೆಯ ಕ್ಯಾಲೆಂಡರೇ ಹೇಳುತ್ತದೆ. ಇನ್ನೊಬ್ಬ ಯಜಮಾನ ಅಣೆಕಟ್ಟಿನ ಬುಡದ ವಿದ್ಯುದಾಗಾರ. ಅಲ್ಲಿ 50 ಮೆಗಾವಾಟಿನ 3 ಯಂತ್ರಗಳಿವೆ. ರಾಜ್ಯಕ್ಕೆ ಕರೆಂಟು ಬೇಕಾದಾಗ ಅವು ತಿರುಗುತ್ತವೆ, ತಿರುಗಿದಾಗ ನೀರು ಹೊರಬೀಳುತ್ತದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಗೀಸರುಗಳು ಕಾಯತೊಡಗಿದರೆ ಇಲ್ಲಿ ನನ್ನ ಮೊಣಕಾಲಿನ ನೀರು ಸೊಂಟಕ್ಕೆ ಏರುತ್ತದೆ. ಭಾನುವಾರ ಅಲ್ಲಿಯವರು ತಡವಾಗಿ ಏಳುವುದರಿಂದ ನದಿಯೂ ತಡವಾಗಿ ಏಳುತ್ತದೆ ಎಂಬುದು ನನ್ನ ಸ್ವಂತ ಸಿದ್ಧಾಂತ. ಯಾವ ಪತ್ರಿಕೆಯೂ ಇದನ್ನು ಅಚ್ಚುಹಾಕಲಾರದು. ಮಳೆಗಾಲದ ಲೆಕ್ಕ ಬೇರೆ. 2019ರ ಆಗಸ್ಟಿನಲ್ಲಿ ಗೇಟು ತೆರೆದಾಗ ಕೆಳಗಿನ ಊರುಗಳ ಮನೆಮನೆಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಮೀನುಮರಿಯ ಕ್ಷೇಮಸಮಾಚಾರ ಕೇಳಿಕೊಂಡು ಹೋದವನಿಗೆ ಪೊರಕೆಯ ಸೇವೆಯೇ ಸರಿ.

ಮೇಲಿನ ಹಿನ್ನೀರಿನ ದಂಡೆಯಲ್ಲಿ ಕೈಗಾ ಇದೆ. ಅಲ್ಲಿನ ಅಣುವಿದ್ಯುತ್ ಸ್ಥಾವರ ಹಿನ್ನೀರಿನಿಂದಲೇ ಮೈ ತಣಿಸಿಕೊಂಡು ಬೆಚ್ಚಗಿನ ನೀರನ್ನು ಅದಕ್ಕೇ ಹಿಂತಿರುಗಿಸುತ್ತದೆ. ಹಾಗಾಗಿ ಈ ನದಿಯಲ್ಲಿ ಥರ್ಮಾಮೀಟರಿಗೆ ಮೀನಿನಷ್ಟೇ ಮಾನವುಂಟು. ಕೈಗಾದ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಬರೆಯಿತು. ನನ್ನ ಡಿಜಿಟಲ್ ತಕ್ಕಡಿ ಒಂದು ಹನಿ ಮಳೆ ಬಿದ್ದರೆ ರಜೆ ಹಾಕುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಹಳೆಯ ವಿಂಕ್ಲರ್ ವಿಧಾನದ್ದು ಬೇರೆಯೇ ನಾಟಕ. ಗುಳ್ಳೆ ಬಾರದಂತೆ ಬಾಟಲಿ ತುಂಬಿಸಿ, ಮ್ಯಾಂಗನೀಸಿನ ದ್ರಾವಣ, ಆಮೇಲೆ ಕ್ಷಾರದ ಅಯೋಡೈಡು ಹಾಕಿದರೆ ತಳದಲ್ಲಿ ಕಂದು ಗಸಿ ಇಳಿಯುತ್ತದೆ. ಆಮ್ಲ ಹೊಯ್ದರೆ ಗಸಿ ಕರಗಿ ಹಳದಿ, ಗಂಜಿ ಬೆರೆಸಿದರೆ ನೀಲಿ. ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಹೋದರೆ ನೀಲಿ ಫಕ್ಕನೆ ಮಾಯ. ಬಂಡೆಯ ಮೇಲೆ ಕೂತು ಇದನ್ನು ಮಾಡುವಾಗ ಸುತ್ತ ಕಿಕ್ಕಿರಿಯುವ ಹುಡುಗರು ಈ ಹಂತದಲ್ಲಿ ಚಪ್ಪಾಳೆ ತಟ್ಟುತ್ತಾರೆ. ಫಲಿತಾಂಶ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳಿದರೆ ಎದ್ದು ಹೋಗುತ್ತಾರೆ. ಜಾದೂಗಾರ ಲೆಕ್ಕ ಒಪ್ಪಿಸಬಾರದು.

ಫಾರಂ ತುಂಬುವುದು ಎಲ್ಲಕ್ಕಿಂತ ಕಷ್ಟ. ಸೀಬಾಸ್ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುವ ಜಾತಿ. ಅದರ ಮರಿಯ ಮುಂದೆ ‘ಲಿಂಗ’ ಎಂಬ ಕಾಲಂ ಇದ್ದರೆ ಏನು ಬರೆಯುವುದು? ‘ಈಗ ತಿಳಿಯದು, ಮುಂದೆ ಬದಲಾಗಬಹುದು’ ಎಂದು ಬರೆದೆ. ಜಾಗ ಸಾಲದೆ ‘ಬದಲಾಗಬಹುದು’ ಪಕ್ಕದ ತೂಕದ ಕಾಲಮ್ಮಿಗೆ ಹರಿಯಿತು. ಅದೂ ಸುಳ್ಳೇನಲ್ಲ. ಇನ್ನು ಬಲೆಗೆ ಏನೂ ಬೀಳದ ದಿನ ಖಾಲಿ ಬಿಡುವಂತಿಲ್ಲ, ಸೊನ್ನೆ ಬರೆಯಬೇಕು, ಸೊನ್ನೆಯೂ ಮಾಹಿತಿಯೇ. ಮೀನು ಮಾರುವ ಹೆಂಗಸೊಬ್ಬರಿಗೆ ಇದನ್ನು ವಿವರಿಸಲು ಹೋದರೆ, ಅವರು ತಮ್ಮ ಖಾಲಿ ಬುಟ್ಟಿಯನ್ನು ನನ್ನ ಮುಂದೆ ಮಗುಚಿ, “ತಗೋ, ಇದಕ್ಕೆ ಎಷ್ಟು ಕೊಡ್ತೀ?” ಎಂದರು.

ಇದೇ ಕಸುಬನ್ನು ಅಮೆರಿಕದಲ್ಲಿ ಸಾಲ್ಮನ್ ಮರಿಗಳ ಹಿಂದೆ ಮಾಡುವವರ ವೈಭವ ಓದಿದರೆ ಹೊಟ್ಟೆ ಉರಿಯುತ್ತದೆ. ಸಾಲ್ಮನ್ನಿನ ದಾರಿ ನಮ್ಮ ಸೀಬಾಸಿಗೆ ತಿರುಗಾಮುರುಗಾ: ಸಿಹಿನೀರಿನಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಯ ವಾಸನೆ ಹಿಡಿದು ಮರಳುತ್ತದೆ. ಕೊಲಂಬಿಯಾ ನದಿಯಲ್ಲಿ 1938ರ ಬಾನೆವಿಲ್ ಅಣೆಕಟ್ಟಿದೆ. ಅದರ ಪಕ್ಕ ಮೀನು ಹತ್ತಿಹೋಗಲು ಮೆಟ್ಟಿಲು. ಮೆಟ್ಟಿಲಿಗೊಂದು ಗಾಜಿನ ಕಿಟಕಿ. ಕಿಟಕಿಯ ಇತ್ತ ಕುಳಿತು ಹಾದುಹೋಗುವ ಮೀನುಗಳನ್ನು ಎಣಿಸಲು ಸಂಬಳದ ಜನ. ಕೂತು! ಒಣ ಬಟ್ಟೆಯಲ್ಲಿ! ಅರ್ಜಿ ಹಾಕೋಣವೆಂದರೆ ಸಾಲ್ಮನ್ ಬಗ್ಗೆ ಅನುಭವ ಕೇಳುತ್ತಾರೆ. ನಮ್ಮ ಹೋಟೆಲುಗಳು ‘ಇಂಡಿಯನ್ ಸಾಲ್ಮನ್’ ಎಂದು ದರಪಟ್ಟಿಯಲ್ಲಿ ಮೆರೆಸುವ ರಾವಸ ಆ ವಂಶದ್ದೇ ಅಲ್ಲ. ಆದರೂ ಅದರ ಬಗ್ಗೆ ನನಗೆ ಸಾಕಷ್ಟು ಅನುಭವವಿದೆ, ರವೆ ಹಚ್ಚಿ ಹುರಿದದ್ದು.